ಎಲೆ ನಿಂತ ಹೊತ್ತು

ಚಪ್ಪಲಿಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದೆ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಎಡಗಾಲಿನದ್ದರ ಪಟ್ಟಿ ಕಿತ್ತುಹೋಗಿದ್ದರಿಂದ ನನ್ನ ಗಂಡ ಲೋಹಿತ ಅದಕ್ಕೆ ಒಂದು ಪಿನ್ನು ಚುಚ್ಚಿಕೊಂಡಿದ್ದ. ಒಂದು ವರ್ಷದಿಂದ ಅವು ಬಾಗಿಲ ಬಳಿಯೇ ಇದ್ದವು. ನಾನು ಅವುಗಳ ಸುತ್ತ ಕಸ ಗುಡಿಸುತ್ತಿದ್ದೆ. “ಚಪ್ಪಲಿ ಬಾಗಿಲಲ್ಲಿದ್ರೆ ಮನುಷ್ಯ ಒಳಗೆ ಇದ್ದ ಹಾಗೆ ಕಾಣ್ತದೆ ಕುಮುದಾ” ಎಂದು ಅತ್ತೆ ಎರಡು ಸಲ ಹೇಳಿದ್ದರು. ಮೂರನೆಯ ಸಲ ಹೇಳಲಿಲ್ಲ. ಆ ದಿನ ಬೆಳಿಗ್ಗೆ ನಾನು ಅವನ್ನು ಎತ್ತಿಕೊಂಡಾಗ ಅವರು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಚಪ್ಪಲಿ ಇದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿತ್ತು.

ನಮ್ಮ ಊರಿನ ಹೊಳೆ ಬೆಳಿಗ್ಗೆ ಮೂಡಣಕ್ಕೆ ಹರಿಯುತ್ತದೆ. ನಡುಮಧ್ಯಾಹ್ನ ಒಂದು ಊಟದ ಹೊತ್ತು ನಿಲ್ಲುತ್ತದೆ. ಆಮೇಲೆ ಪಡುವಣಕ್ಕೆ ಹರಿಯುತ್ತದೆ. ಬೆಳಿಗ್ಗೆ ಹೋದದ್ದು ಮಧ್ಯಾಹ್ನದ ಮೇಲೆ ಅದೇ ದಾರಿಯಲ್ಲಿ ಒಂದು ಸಲ ಹಿಂದಕ್ಕೆ ಬರುತ್ತದೆ. ನಿಲ್ಲುವುದಕ್ಕೆ ಮೂರು ಗಂಟೆ ಮುಂಚೆ ಹೋದದ್ದು ತಿರುಗಿ ಮೂರು ಗಂಟೆಯಾದ ಮೇಲೆ, ಹತ್ತು ನಿಮಿಷ ಮುಂಚೆ ಹೋದದ್ದು ಹತ್ತು ನಿಮಿಷಕ್ಕೆ. ಎರಡನೆಯ ಸಲ ಯಾವುದೂ ಬರುವುದಿಲ್ಲ. ನಿಂತ ನೀರಿಗೆ ಬಿದ್ದದ್ದು ಮಾತ್ರ ಒಂದು ಸಲವೂ ಬರುವುದಿಲ್ಲ. ಹಾಗಾಗಿ ಬಟ್ಟೆ ಒಗೆಯುವವರು ಕೈತಪ್ಪಿದ ಸೀರೆಯ ಹಿಂದೆ ಓಡುವುದಿಲ್ಲ. ಮಧ್ಯಾಹ್ನ ಬಂದು ಎತ್ತಿಕೊಳ್ಳುತ್ತಾರೆ. ಮದುವೆಗೆ ಒಪ್ಪಬೇಕೋ ಬೇಡವೋ ಎಂದು ತೋಚದವರು ಹುಡುಗನ ಜಾತಕವನ್ನು ಬೆಳಿಗ್ಗೆ ತೇಲಿಬಿಟ್ಟು, ಅದು ಹಿಂದಿರುಗಿದಾಗ ಕೈ ಮುಂದೆ ಹೋಗುತ್ತದೆಯೇ ಎಂದು ನೋಡುತ್ತಾರೆ. ನಾನು ಸಸ್ಯಶಾಸ್ತ್ರ ಓದಲು ಐದು ವರ್ಷ ವಿಶ್ವವಿದ್ಯಾಲಯದ ಊರಿನಲ್ಲಿದ್ದೆ. ಅಲ್ಲಿಯ ಹೊಳೆ ಒಂದೇ ಕಡೆಗೆ ಹರಿಯುತ್ತಿತ್ತು. ಅಲ್ಲಿಯ ಜನ ಅದಕ್ಕೆ ಹೊಂದಿಕೊಂಡಿದ್ದರು.

ಲೋಹಿತ ಹೋದದ್ದು ನಿಂತ ನೀರಿಗೆ. ಹಾಗೆಂದು ಊರಿನ ಪಂಚಾಯಿತಿಯ ಪುಸ್ತಕದಲ್ಲಿ ಬರೆದಿದೆ. ಕಾರಣ ಎಂಬ ಕಡೆ ಎರಡೇ ಪದ: ನಿಂತ ನೀರು. ಅವನು ಗೆಳೆಯರಾದ ಇನಾಸ್ ಮತ್ತು ದಾಮೋದರನ ಜೊತೆ ಗಾಳ ಹಾಕಲು ಹೋಗಿದ್ದ. ನೀರು ನಿಂತಾಗ ಈಜಿ ಆಚೆ ದಡ ಮುಟ್ಟಿ ಬರುವುದು ಊರಿನಲ್ಲಿ ಈಜು ಬಲ್ಲವರೆಲ್ಲ ಆಡುವ ಆಟ. ಅವನು ಹಾರಿದ, ನಡುಹೊಳೆಯಲ್ಲಿ ಮುಳುಗಿದ, ಮೇಲೆ ಬರಲಿಲ್ಲ. ದೋಣಿಯವರು ಮೂರು ದಿನ ಹುಡುಕಿದರು. ನಿಂತ ನೀರು ಹಿಂದಕ್ಕೆ ಕೊಡುವುದಿಲ್ಲವಾದ್ದರಿಂದ ದಡದಲ್ಲಿ ಕಾಯುವಂತೆ ನನಗೆ ಯಾರೂ ಹೇಳಲಿಲ್ಲ. ನಾನೂ ಕಾಯಲಿಲ್ಲ. ಮನೆಯಲ್ಲಿ ಕುಳಿತಿದ್ದೆ.

ಆಮೇಲೆ ನನಗೆ ನಾಲಿಗೆಯಲ್ಲಿ ಉಪ್ಪು ತಿಳಿಯುವುದು ನಿಂತಿತು. ಒಮ್ಮೆ ನಾನು ಪಾಠ ಮಾಡುವ ಕಾಲೇಜಿನ ಪ್ರಯೋಗಾಲಯದಲ್ಲಿ ಬಿಸಿ ಬೀಕರನ್ನು ಬರಿಗೈಯಲ್ಲಿ ಹಿಡಿದು ಆಚೆ ಇಟ್ಟೆ. ಕೈಯಲ್ಲಿ ಬೊಬ್ಬೆ ಎದ್ದಾಗ ವಿದ್ಯಾರ್ಥಿನಿಯರು ಅತ್ತರು, ನಾನು ಅಳಲಿಲ್ಲ. ಅಳು ಬರಬೇಕಾದರೆ ಒಂದು ವಿಷಯ ಗೊತ್ತಾಗಬೇಕಿತ್ತು. ಅದನ್ನು ಯಾರಲ್ಲೂ ಕೇಳಿರಲಿಲ್ಲ. ಲೋಹಿತ ಹೊಳೆಯನ್ನು ಇಪ್ಪತ್ತು ವರ್ಷದಿಂದ ಬಲ್ಲವನು. ನಿಂತ ನೀರಿನಲ್ಲಿ ಮಕ್ಕಳೂ ಮುಳುಗುವುದಿಲ್ಲ. ನೀರು ನಿಜವಾಗಿ ನಿಂತಿತ್ತೇ? ನಿಂತಿರದಿದ್ದರೆ ಅವನು ಹಿಂದಿರುಗಿ ಬಂದಿರಬೇಕು. ಬಂದಿದ್ದರೆ, ದಡದಲ್ಲಿ ಯಾರಿದ್ದರು?

ಸತ್ತವರ ಗೆಳೆಯರು ವರ್ಷ ತುಂಬಿದಾಗ ಮನೆಯವರನ್ನು ಹೊಳೆಗೆ ಕರೆದುಕೊಂಡು ಹೋಗಬೇಕು. ಅದಕ್ಕೆ ಹೊಳೆದಿನ ಎನ್ನುತ್ತೇವೆ. ಗಾಳ ಹಾಕಬೇಕು, ಆಡಬೇಕು, ಉಣ್ಣಬೇಕು, ನಗಬೇಕು. ಸತ್ತವರದ್ದೊಂದು ವಸ್ತುವನ್ನು ಬೆಳಿಗ್ಗೆ ನೀರಿಗೆ ಬಿಟ್ಟು, ಅದು ಹಿಂದಿರುಗಿ ಬಂದು ಎದುರಿನಲ್ಲೇ ಹೋಗುವಾಗ ಮುಟ್ಟದೆ ನೋಡಬೇಕು. ಮುಟ್ಟಿದರೆ ಯಾರೂ ಬೈಯುವುದಿಲ್ಲ. ಮುಂದಿನ ವರ್ಷ ಮತ್ತೆ ಬಿಡಬೇಕಾಗುತ್ತದೆ, ಅಷ್ಟೆ. ಅಂಚೆ ಮಾಸ್ತರರ ಹೆಂಡತಿ ಹನ್ನೊಂದು ವರ್ಷದಿಂದ ಒಂದೇ ಕೊಡೆಯನ್ನು ಬಿಟ್ಟು ಹಿಡಿದು ಮಾಡುತ್ತಿದ್ದಾರೆ. ಮಳೆ ಬಂದರೆ ಅದನ್ನೇ ಬಿಡಿಸಿಕೊಂಡು ಮನೆಗೆ ಹೋಗುತ್ತಾರೆ.

ಏಳು ಗಂಟೆಗೆ ಇನಾಸ್ ಬಂದು ಗೇಟಿನ ಹೊರಗಿಂದ ಸೈಕಲ್ಲಿನ ಬೆಲ್ಲು ಬಾರಿಸಿದ. ಅವನು ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ಕೈಯ ರೋಮವೆಲ್ಲ ಸುಟ್ಟು ಹೋಗಿ ತೋಳು ನುಣ್ಣಗಿರುತ್ತದೆ. ಹಿಂದಿನ ಕ್ಯಾರಿಯರಿನಲ್ಲಿ ನಾಲ್ಕು ಗಾಳದ ಕೋಲು, ಎರೆಹುಳುವಿನ ಡಬ್ಬ, ಒಂದು ರಬ್ಬರು ಚೆಂಡು.

“ಅತ್ತಿಗೆ, ಇವತ್ತು ನಿಮಗೆ ಗಾಳ ಹಾಕ್ಲಿಕ್ಕೆ ಕಲಿಸ್ತೇನೆ. ಕಾಲೇಜಿನ ಪಾಠದ ಹಾಗಲ್ಲ. ಇದರಲ್ಲಿ ಪಾಸಾಗುವವರು ಕಡಿಮೆ.”

“ಮಾಸ್ತರು ಪಾಸಾಗಿದ್ದಾರಾ?” ಎಂದೆ. ಹೊಳೆದಿನದಂದು ತಮಾಷೆಗೆ ತಮಾಷೆಯಿಂದಲೇ ಉತ್ತರ ಕೊಡಬೇಕು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಎರಡು ಸಲ ಹೆಚ್ಚಿಗೆ ಬೆಲ್ಲು ಬಾರಿಸಿದ.

ದಾಮೋದರ ಮತ್ತು ಅವನ ಹೆಂಡತಿ ಶಕ್ಕು ಮೊದಲೇ ಹೊಳೆಗೆ ಹೋಗಿ ಹೊಂಗೆ ಮರದ ಕೆಳಗೆ ಚಾಪೆ ಹಾಸಿದ್ದರು. ದಾಮೋದರ ಬಡಗಿ. ಅವನನ್ನು ನಾನು ದಾಮಣ್ಣ ಎನ್ನುತ್ತೇನೆ. ಮೊದಲೆಲ್ಲ ವಾರಕ್ಕೊಮ್ಮೆ ನಮ್ಮ ಮನೆಗೆ ಬರುತ್ತಿದ್ದವನು ಈ ಒಂದು ವರ್ಷದಲ್ಲಿ ಒಂದೇ ಸಲ ಬಂದಿದ್ದ, ಕಿಟಕಿಯ ಚಿಲಕ ಸರಿಮಾಡಲು. ಚಿಲಕ ಸರಿಮಾಡಿ ನೀರೂ ಕುಡಿಯದೆ ಹೋಗಿದ್ದ. ಈಗ ನನ್ನನ್ನು ಕಂಡು ಎದ್ದು ನಿಂತ. “ಬಂದ್ರಾ ಅತ್ತಿಗೆ” ಎಂದ. ಕಣ್ಣು ನನ್ನ ಕೈಚೀಲದ ಮೇಲಿತ್ತು.

“ಇವರಿಗೆ ನಿನ್ನೆ ಇಡೀ ರಾತ್ರಿ ನಿದ್ರೆ ಇಲ್ಲ. ಹೊಳೆಗೆ ಬರುವುದು ಅಂದ್ರೆ ಹಾಗೆ. ಮಕ್ಕಳಿಗಿಂತ ಕಡೆ” ಎಂದಳು ಶಕ್ಕು. ಅವಳು ಎರಡು ಡಬ್ಬ ತುಂಬ ಅಕ್ಕಿತರಿಯ ಉಂಡೆ ಕಟ್ಟಿ ಪುಂಡಿ ಬೇಯಿಸಿ ತಂದಿದ್ದಳು, ಇನ್ನೊಂದರಲ್ಲಿ ಕಾಯಿ ಚಟ್ನಿ.

“ಚಟ್ನಿ ಇವಳೇ ಮಾಡಿದ್ದಾ?” ಇನಾಸ್ ಮುಚ್ಚಳ ತೆಗೆದು ಬೆರಳದ್ದಿ ನೆಕ್ಕಿದ. “ಹೌದು, ಇವಳೇ. ಶಕ್ಕು, ಸಮುದ್ರ ಎಷ್ಟು ದೂರ ಮಾರಾಯ್ತಿ ಇಲ್ಲಿಂದ? ಪೂರಾ ಇದರಲ್ಲೇ ಉಂಟಲ್ಲ.”

“ನಿನ್ನ ಬ್ರೆಡ್ಡಿನ ಹಾಗೆ ಸಪ್ಪೆ ಮಾಡ್ಲಿಕ್ಕೆ ನನಗೆ ಬರುವುದಿಲ್ಲ. ಕುಮುದಾ, ನೀನು ನೋಡಿ ಹೇಳು, ಉಪ್ಪು ಹೆಚ್ಚಾಗಿದಾ?”

ನಾನು ಬೆರಳ ತುದಿಯಲ್ಲಿ ತೆಗೆದುಕೊಂಡು ನಾಲಿಗೆಗೆ ಹಚ್ಚಿದೆ. ಏನೂ ತಿಳಿಯಲಿಲ್ಲ. “ಸರಿ ಉಂಟು” ಎಂದೆ.

“ಅತ್ತಿಗೆ ಸುಳ್ಳು ಹೇಳ್ತಾರೆ” ಎಂದ ಇನಾಸ್.

ಬೆಳಗಿನ ಮೀನನ್ನು ನಮ್ಮಲ್ಲಿ ಯಾರೂ ತಿನ್ನುವುದಿಲ್ಲ. ಅದಕ್ಕೆ ಹಿಂದಿರುಗುವುದು ಇನ್ನೂ ಬಾಕಿ ಇರುತ್ತದೆ. ಹಿಡಿದು, ಬೆನ್ನಿನ ರೆಕ್ಕೆಗೆ ಸೂಜಿಯಿಂದ ದಾರ ಪೋಣಿಸಿ ಗಂಟು ಹಾಕಿ ಬಿಡುತ್ತಾರೆ. ಮಧ್ಯಾಹ್ನದ ಮೇಲೆ ಅದೇ ಮೀನು ಮತ್ತೆ ಗಾಳಕ್ಕೆ ಬಿದ್ದರೆ ದಾರ ಕಟ್ಟಿದವನಿಗೆ ಸೇರುತ್ತದೆ. ಇನಾಸನದು ಕೆಂಪು ದಾರ, ದಾಮಣ್ಣನದು ಹಳದಿ, ಲೋಹಿತನದು ಹಸಿರು. ಇನಾಸ್ ಜೇಬಿನಿಂದ ಹಸಿರು ದಾರದ ಉಂಡೆ ತೆಗೆದು ನನ್ನ ಕೈಗೆ ಕೊಟ್ಟ. ಅದು ನನ್ನ ಹೊಲಿಗೆಪೆಟ್ಟಿಗೆಯಿಂದಲೇ ಹೋದದ್ದು. ಲೋಹಿತ ಕೇಳದೆ ತೆಗೆದುಕೊಂಡಿದ್ದ. ಆ ಬಗ್ಗೆ ಜಗಳವಾಡಿದ್ದೆ.

ಎಂಟೂವರೆಗೆ ನನ್ನ ಗಾಳದ ಬೆಂಡು ಮುಳುಗಿತು. ಇನಾಸ್ “ಎಳೀರಿ, ಎಳೀರಿ, ಅಯ್ಯೋ ಹಾಗಲ್ಲ, ಅದು ಬಾವಿಯ ಹಗ್ಗ ಅಲ್ಲ” ಎನ್ನುತ್ತ ಪಕ್ಕದಲ್ಲಿ ಕುಣಿದ. ಗೇಣುದ್ದದ ಮುಗುಡು ಮೀನು. ಮೀಸೆ ಆಡಿಸುತ್ತ ಬಂಡೆಯ ಮೇಲೆ ಬಿದ್ದುಕೊಂಡಿತು. ಶಕ್ಕು ತಲೆ ಹಿಡಿದಳು, ನಾನು ದಾರ ಪೋಣಿಸಿದೆ. ಕಾಲೇಜಿನಲ್ಲಿ ಎಲೆಯ ನರಗಳನ್ನು ಬಿಡಿಸಿದ ಕೈ, ಒಂದೇ ಸಲಕ್ಕೆ ಗಂಟು ಹಾಕಿತು.

“ಅತ್ತಿಗೆ ಫಸ್ಟ್ ಕ್ಲಾಸು” ಎಂದ ಇನಾಸ್. “ಮೂರೂವರೆ ನಾಲ್ಕಕ್ಕೆ ಬರ್ತದೆ ಇದು. ಕಾಯ್ಬೇಕು.”

“ಬಾರದಿದ್ರೆ?”

“ಬರ್ತದೆ. ಬಂದು ಗಾಳ ಕಚ್ತದಾ ಇಲ್ವಾ ಅದು ಅದರ ಇಷ್ಟ. ಬರುವುದಂತೂ ಬರ್ತದೆ.”

ದಾಮಣ್ಣ ಅದನ್ನು ಕೇಳಿ ಮುಖ ಬೇರೆ ಕಡೆಗೆ ತಿರುಗಿಸಿದ.

ಆಮೇಲೆ ಮರಳಿನಲ್ಲಿ ಲಗೋರಿ ಆಡಿದೆವು. ಏಳು ಚಪ್ಪಟೆ ಕಲ್ಲು ಒಂದರ ಮೇಲೊಂದು ಇಟ್ಟು ಚೆಂಡಿನಿಂದ ಹೊಡೆಯುವುದು, ಬಿದ್ದದ್ದನ್ನು ಮತ್ತೆ ಜೋಡಿಸುವುದು. ಶಕ್ಕು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಓಡಿದಳು. ಇನಾಸ್ ಬೇಕೆಂದೇ ಬಿದ್ದ. ಎದ್ದು ಬಾಯಿಯ ಮರಳು ಉಗುಳುತ್ತ “ಇದರಲ್ಲೂ ಉಪ್ಪಿಲ್ಲ, ಎಲ್ಲ ಶಕ್ಕುವಿನ ಚಟ್ನಿಗೆ ಹೋಗಿದೆ” ಎಂದ. ನಾನೂ ಓಡಿದೆ. ನಗಬೇಕಾದಲ್ಲಿ ನಕ್ಕೆ. ದಾಮಣ್ಣ ಎಸೆದ ಚೆಂಡು ಒಂದು ಸಲವೂ ಕಲ್ಲಿಗೆ ತಾಗಲಿಲ್ಲ. ಅಳತೆಪಟ್ಟಿ ಇಲ್ಲದೆ ಬಾಗಿಲು ಕೂರಿಸುವ ಬಡಗಿ ಅವನು.

ಹತ್ತು ಗಂಟೆಗೆ ಇನಾಸ್ “ಅತ್ತಿಗೆ, ಬಿಡ್ತೀರಾ?” ಎಂದ. “ಆಮೇಲೆ” ಎಂದೆ. ಹನ್ನೊಂದಕ್ಕೆ ಶಕ್ಕು ಕೇಳಿದಳು. ಆಗಲೂ ಆಮೇಲೆ ಎಂದೆ. ತಡವಾಗಿ ಬಿಟ್ಟರೆ ಬೇಗ ಬರುತ್ತದೆ. ದೂರ ಹೋಗುವುದಿಲ್ಲ. ಚೀಲ ಮಡಿಲಲ್ಲಿತ್ತು. ಪತ್ರಿಕೆಯ ಒಳಗೆ ಪಿನ್ನು ಎಲ್ಲಿದೆ ಎಂದು ಬೆರಳಿಗೆ ತಿಳಿಯುತ್ತಿತ್ತು.

ಮಧ್ಯಾಹ್ನವಾಗುತ್ತ ಬಂದಾಗ ದಾಮಣ್ಣ ಗಾಳಗಳನ್ನೆಲ್ಲ ಒಂದೊಂದಾಗಿ ಮೇಲಕ್ಕೆ ತೆಗೆಯತೊಡಗಿದ. ಮೊದಲು ತನ್ನದು, ಆಮೇಲೆ ನನ್ನದು. ಇನಾಸನ ಬೆಂಡು ಆಗಷ್ಟೇ ಅಲ್ಲಾಡುತ್ತಿತ್ತು.

“ಏ, ಕಚ್ತಾ ಉಂಟು ಮಾರಾಯ, ಬಿಡು.”

“ಸಾಕು. ಊಟದ ಹೊತ್ತಾಯ್ತು” ಎಂದು ದಾಮಣ್ಣ ಅದನ್ನೂ ಎಳೆದು ಹಾಕಿದ. ದಾರವನ್ನು ಕೋಲಿಗೆ ಸುತ್ತಿದ. ಆಮೇಲೆ ಬಂಡೆಯ ಅಂಚಿನಲ್ಲಿ ಬಗ್ಗಿ, ನೀರಿನಲ್ಲಿ ಇನ್ನು ಯಾವ ದಾರವೂ ಉಳಿದಿಲ್ಲವೆಂದು ಕೈಯಾಡಿಸಿ ನೋಡಿದ. ಮಗುವಿಗೆ ಹಾಸಿಗೆ ಹಾಸುವ ಮುಂಚೆ ಸೂಜಿ ಇದೆಯೇ ಎಂದು ನೋಡುವ ಹಾಗೆ.

ನಾನು ಅದನ್ನು ನೋಡುತ್ತಿದ್ದೆ.

“ಅತ್ತಿಗೆ, ಇನ್ನು ಹತ್ತು ನಿಮಿಷ. ನಿಂತ ಮೇಲೆ ಬಿಟ್ರೆ ಹೋಯ್ತು, ಬರುವುದಿಲ್ಲ” ಎಂದ ಇನಾಸ್. ಈ ಸಲ ತಮಾಷೆಯ ದನಿ ಇರಲಿಲ್ಲ.

ಪತ್ರಿಕೆ ಬಿಚ್ಚಿದೆ. ಚಪ್ಪಲಿಗಳನ್ನು ಒಂದಕ್ಕೊಂದು ಹಸಿರು ದಾರದಿಂದ ಕಟ್ಟಿದೆ. ಬಂಡೆಯ ಮೇಲೆ ಮಂಡಿಯೂರಿ ನೀರಿನ ಮೇಲಿಟ್ಟೆ. ಅವು ಒಂದು ಸುತ್ತು ತಿರುಗಿ, ಯಾರೋ ಮೆಟ್ಟಿಕೊಂಡು ನಡೆದಂತೆ ಜೊತೆಯಾಗಿ ಮೂಡಣಕ್ಕೆ ಹೋದವು. ತಿರುವಿನಲ್ಲಿ ಬಿದಿರ ಮೆಳೆಯ ನೆರಳಿಗೆ ಹೋಗಿ ಮರೆಯಾದವು.

ಇನಾಸ್ ಹೊಂಗೆ ಎಲೆಯೊಂದನ್ನು ಕಿತ್ತು ನೀರಿಗೆ ಹಾಕಿದ. ನೀರು ನಿಂತಿದೆಯೇ ಎಂದು ನೋಡುವುದು ಹಾಗೆಯೇ. ಎಲೆ ಚಪ್ಪಲಿಗಳ ಹಿಂದೆ ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹಾಕಿದ. ಅದೂ ಹೋಯಿತು, ನಿಧಾನವಾಗಿ. ಮೂರನೆಯದು ಹಾಕಿದಲ್ಲೇ ಕುಳಿತಿತು.

“ನಿಂತಿತು” ಎಂದ ಇನಾಸ್. ಹೇಳಿದವನೇ ಬಾಯಿ ಮುಚ್ಚಿಕೊಂಡ. ಹೋದ ವರ್ಷ ಲೋಹಿತ ಹಾರಿದ್ದು ಆ ಮಾತು ಕೇಳಿಯೇ. ಅವನು ನನ್ನ ಮುಖ ನೋಡದೆ ಮರದ ಕಡೆಗೆ ಹೋಗಿ ಶಕ್ಕುವಿನ ಜೊತೆ ಬಾಳೆಲೆ ಒರೆಸತೊಡಗಿದ.

ದಾಮಣ್ಣ ಮಾತ್ರ ಬಂಡೆಯ ಮೇಲೆ ಉಳಿದ. ಸುತ್ತಿದ ದಾರವನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಹೊಳೆ ಕನ್ನಡಿಯಂತೆ ಸುಮ್ಮನಿತ್ತು. ಎಲೆ ಅಲ್ಲೇ ಇತ್ತು.

“ದಾಮಣ್ಣ, ಗಾಳ ಯಾಕೆ ತೆಗೆದದ್ದು?”

“ಊಟದ ಹೊತ್ತಲ್ವಾ ಅತ್ತಿಗೆ.”

“ಊಟದ ಹೊತ್ತಿಗೆ ನೀವು ಯಾರೂ ಗಾಳ ತೆಗೀತಿರಲಿಲ್ಲ. ಮೀನಿಗೂ ಊಟದ ಹೊತ್ತು ಅಂತ ಲೋಹಿತ ಹೇಳ್ತಿದ್ದ.”

ಅವನು ದಾರ ಸುತ್ತಿದ.

“ಹೋದ ವರ್ಷ ಗಾಳ ನೀರಲ್ಲಿತ್ತಾ?”

ಸುತ್ತುವುದು ನಿಂತಿತು. ಮರದ ಕೆಳಗಿನಿಂದ ಶಕ್ಕು ಕೂಗಿದಳು: “ಏಳಿ, ಊಟಕ್ಕೆ ಬನ್ನಿ.” “ಬಂದೆವು” ಎಂದೆ. ಏಳಲಿಲ್ಲ.

“ನನ್ನದಿತ್ತು” ಎಂದ ದಾಮಣ್ಣ. ಬಹಳ ಸಣ್ಣ ದನಿ. “ನನ್ನದೊಂದು ಇತ್ತು. ಇನಾಸ ಎಲೆ ಹಾಕಿದ. ಎಲೆ ನಿಂತಿತು. ಅವನು ನಿಂತಿತು ಅಂದ, ಲೋಹಿತ ಹಾರಿದ. ನಡುವಿಗೆ ಹೋದದ್ದೇ ಸೆಳೆತ ಎಳೆದುಕೊಂಡು ಹೋಯ್ತು. ಇನಾಸ ಅದನ್ನು ಸೆಳೆತ ಅಂತ ತಿಳಿಲೇ ಇಲ್ಲ. ಕಾಲು ಹಿಡಕೊಂಡಿತು, ಮುಳುಗಿದ ಅಂತ ಬೊಬ್ಬೆ ಹೊಡೆದು ದೋಣಿ ತರ್ಲಿಕ್ಕೆ ಊರಿಗೆ ಓಡಿದ. ನಾನು ಇಲ್ಲೇ ನಿಂತೆ. ನೋಡಿದ್ರೆ ಎಲೆ ನನ್ನ ಗಾಳದ ದಾರಕ್ಕೆ ಸಿಕ್ಕಿಕೊಂಡಿತ್ತು. ದಾರ ಎತ್ತಿದೆ. ಎಲೆ ಹೋಯ್ತು. ಮೂಡಣಕ್ಕೆ ಹೋಯ್ತು ಅತ್ತಿಗೆ.”

ನೀರು ನಿಂತಿರಲಿಲ್ಲ. ನಾನು ಮನಸ್ಸಿನಲ್ಲಿ ಆ ವಾಕ್ಯವನ್ನು ಒಮ್ಮೆ ಬರೆದುಕೊಂಡೆ. ಅದರ ಕೆಳಗಿನ ವಾಕ್ಯವನ್ನು ಕೇಳಬೇಕಿತ್ತು.

“ಹಾಗಾದ್ರೆ ಅವನು ಬರಬೇಕಿತ್ತು.”

“ಬಂದ.”

ಎಲೆಯ ಮೇಲೆ ಒಂದು ನೊಣ ಕುಳಿತು ಎದ್ದು ಹೋಯಿತು.

“ನೀರು ತಿರುಗಿ ಐದು ನಿಮಿಷ ಆಗಿರ್ಲಿಕ್ಕಿಲ್ಲ. ಆ ಬಿದಿರ ಹತ್ತಿರದಿಂದ ಬಂದ. ಮಲಗಿದ ಹಾಗೆ, ಮುಖ ಮೇಲೆ. ಇಷ್ಟೇ ದೂರ. ಆ ಎಲೆಗಿಂತ ಸ್ವಲ್ಪ ಆಚೆ. ನಾನು ಇಳೀಬೇಕಿತ್ತು, ಸೊಂಟದಷ್ಟು ನೀರು. ಕೈ ಚಾಚಿದ್ರೆ ಅಂಗಿ ಸಿಗ್ತಿತ್ತು. ಕಾಲು ಬರಲಿಲ್ಲ. ಇಲ್ಲೇ, ಈ ಬಂಡೆ ಮೇಲೆ ನಿಂತುಕೊಂಡೇ ಇದ್ದೆ. ಅವನು ಹೋದ.”

“ಕಣ್ಣು?”

“ಮುಚ್ಚಿತ್ತು.”

“ಜೀವ ಇತ್ತಾ?”

“ಗೊತ್ತಿಲ್ಲ” ಎಂದ. “ಅದೇ ಗೊತ್ತಿಲ್ಲ ಅತ್ತಿಗೆ.”

ನಾನು ಲೆಕ್ಕ ಹಾಕಿದೆ. ನಿಲ್ಲುವ ಮುಂಚೆ ಐದು ನಿಮಿಷ, ನಿಂತ ಅರ್ಧ ಗಂಟೆ, ತಿರುಗಿದ ಮೇಲೆ ಐದು ನಿಮಿಷ. “ಇರ್ಲಿಕ್ಕೆ ಸಾಧ್ಯ ಇಲ್ಲ” ಎಂದೆ, ಪ್ರಯೋಗಾಲಯದಲ್ಲಿ ಹೇಳುವ ಹಾಗೆ. ಅದು ಅವನಿಗಾಗಿ ಹೇಳಿದ್ದೋ ನನಗಾಗಿಯೋ ಈಗಲೂ ತಿಳಿಯದು.

“ಇನಾಸ ದೋಣಿ ತಂದ. ಅಷ್ಟು ಜನ ಬಂದ್ರು. ಬಂದನಾ ಅಂತ ಒಬ್ಬರೂ ಕೇಳಲಿಲ್ಲ. ನಿಂತ ನೀರು ಅಂದ ಮೇಲೆ ಯಾರು ಕೇಳ್ತಾರೆ. ಕೇಳಿದ್ರೆ ಹೇಳ್ತಿದ್ದೆ ಅಂತ ಕಾಣ್ತದೆ. ಪಡುವಲಿಗೆ ದೋಣಿ ಬಿಟ್ಟಿದ್ರೆ ಸಿಗ್ತಿದ್ದನೋ ಏನೋ. ಎಲ್ಲರೂ ಇಲ್ಲೇ ತಳ ಕೆದಕಿದ್ರು. ನಾನೂ ಕೆದಕಿದೆ.” ಕೋಲನ್ನು ಕೆಳಗಿಟ್ಟು, “ನಿಮ್ಮ ಮನೆಗೆ ಬಂದಾಗ ಹೇಳಬೇಕು ಅಂತಲೇ ಬಂದದ್ದು. ಚಿಲಕ ಹಾಕಿ ಬಂದೆ” ಎಂದ.

ಹೊಡೆಯಬೇಕೆನಿಸಿತೇ ಎಂದರೆ ಇಲ್ಲ. ಸಮಾಧಾನ ಹೇಳಬೇಕೆಂದೂ ಅನಿಸಲಿಲ್ಲ. ಅವನು ಬಂದಿದ್ದ, ಅಷ್ಟು ಮಾತ್ರ ತಲೆಯಲ್ಲಿತ್ತು. ಮನೆಯಲ್ಲಿ ನಾನು ಅನ್ನಕ್ಕೆ ಇಟ್ಟಿದ್ದ ಹೊತ್ತು ಅದು. ಅವನು ಬಂದು, ಈ ಬಂಡೆಯ ಎದುರಿನಿಂದ ಹೋಗಿದ್ದ. ಒಂದು ಸಲ ಬರುವುದೆಂದು ಹೊಳೆ ಕೊಟ್ಟ ಮಾತನ್ನು ನಡೆಸಿತ್ತು.

“ಇನಾಸಣ್ಣನಿಗೆ ಗೊತ್ತಾ?”

ಅವನು ತಲೆಯಾಡಿಸಿದ. ಗೊತ್ತಿಲ್ಲ. ನಿಂತಿತು ಎಂದು ಕೂಗಿದವನು ಇನಾಸ್. ಮರದ ಕೆಳಗೆ ಅವನು ಶಕ್ಕುವಿಗೆ ಏನೋ ಹೇಳಿ ನಗಿಸುತ್ತಿದ್ದ. ನಾಲ್ಕು ಬಾಳೆಲೆ ಹಾಸಿ, ಯಾವ ಎಲೆಗೂ ಕಡಿಮೆಯಾಗದಂತೆ ಪುಂಡಿ ಎಣಿಸಿ ಇಡುತ್ತಿದ್ದ.

“ಅವರಿಗೆ ಹೇಳ್ಬೇಡಿ” ಎಂದೆ.

ಆಗ ಎಲೆ ಅಲುಗಿತು. ತುದಿ ಮಾತ್ರ ಮೊದಲು, ಆಮೇಲೆ ಇಡೀ ಎಲೆ ತಿರುಗಿ ಪಡುವಣಕ್ಕೆ ಹೊರಟಿತು. ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು. ನಾನು ಬಿದಿರಿನ ಕಡೆಗೆ ತಿರುಗಿ ಕುಳಿತೆ. ಮೊದಲು ಇನಾಸ್ ಹಾಕಿದ್ದ ಎರಡನೆಯ ಎಲೆ ಬಂತು. ಆಮೇಲೆ ಮೊದಲನೆಯದು. ಆಮೇಲೆ ನೆರಳಿನಿಂದ ನೀಲಿ ಬಣ್ಣ ಹೊರಗೆ ಬಂತು.

ಚಪ್ಪಲಿಗಳು ಹೋಗುವಾಗಿನಂತೆ ಜೊತೆಯಾಗಿಯೇ ಇದ್ದವು. ಶಕ್ಕು ಮತ್ತು ಇನಾಸ್ ಎದ್ದು ನಿಂತರು. ಅಂಥ ಹೊತ್ತಿನಲ್ಲಿ ಕುಳಿತಿರಬಾರದು. ನಾನೂ ಎದ್ದೆ. ಅವು ಹತ್ತಿರವಾದವು. ಪಿನ್ನು ಬಿಸಿಲಿಗೆ ಹೊಳೆಯಿತು. ಮುಟ್ಟಬಾರದು, ನೋಡಬೇಕು ಎಂದುಕೊಂಡು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ದಾಮಣ್ಣ ನೀರಿಗೆ ಇಳಿದ. ಹಾರಿದ್ದಲ್ಲ. ಬಂಡೆಯಿಂದ ಜಾರಿ, ಸೊಂಟದಷ್ಟು ನೀರಿನಲ್ಲಿ ನಾಲ್ಕು ಹೆಜ್ಜೆ ನಡೆದು, ಎರಡೂ ಕೈಯಿಂದ ಚಪ್ಪಲಿಗಳನ್ನು ಹಿಡಿದು ಎದೆಗೆ ಒತ್ತಿಕೊಂಡ.

“ಏ ದಾಮು, ಎಂತ ಮಾಡ್ತೀ? ಮುಟ್ಬೇಡ ಮಾರಾಯ, ಅದು ಹೋಗ್ಬೇಕು” ಎಂದು ಇನಾಸ್ ಕೂಗಿದ. ಶಕ್ಕು ಗಂಡನ ಹೆಸರು ಹಿಡಿಯದೆ “ರೀ, ರೀ” ಎನ್ನುತ್ತಿದ್ದಳು. ದಾಮಣ್ಣನಿಗೆ ಅದಾವುದೂ ಕೇಳುತ್ತಿರಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ಸೆಳೆತ ಅವನನ್ನು ಪಡುವಣಕ್ಕೆ ದೂಡುತ್ತಿತ್ತು, ಅವನು ಕಾಲೂರಿ ನಿಂತಿದ್ದ.

ನಾನು ಇಳಿದೆ. ಸೀರೆ ನೆನೆದು ಭಾರವಾಯಿತು. ನೀರು ಮಂಡಿಗೆ ಬಂತು, ಸೊಂಟಕ್ಕೆ ಬಂತು. ತಣ್ಣಗಿತ್ತು. ಎಷ್ಟು ತಣ್ಣಗಿತ್ತೆಂದರೆ ಉಸಿರು ಒಮ್ಮೆ ಒಳಗೇ ನಿಂತಿತು.

“ಬಿಡಿ ದಾಮಣ್ಣ.”

“ಈ ಸಲ ಹಿಡಿದೆ ಅತ್ತಿಗೆ.”

“ಹೌದು. ಹಿಡಿದಿರಿ. ನಾನು ನೋಡಿದೆ. ಈಗ ಬಿಡಿ.”

ಬಿಡಲಿಲ್ಲ. ಬಿಡಲು ಅವನಿಗೆ ಬರುತ್ತಿರಲಿಲ್ಲ. ಬೆರಳುಗಳು ಮರದ ಹಾಗೆ ಗಟ್ಟಿಯಾಗಿದ್ದವು. ನಾನು ಕಿರುಬೆರಳಿನಿಂದ ಶುರುಮಾಡಿದೆ. ಒಂದೊಂದಾಗಿ ಬಿಡಿಸಿದೆ, ಮೊದಲು ಎಡಗೈ, ಆಮೇಲೆ ಬಲಗೈ. ಉಳಿ ಹಿಡಿದು ಗಂಟು ಬಿದ್ದ ಬೆರಳುಗಳು. ಅವನು ಸಣ್ಣ ಮಕ್ಕಳ ಹಾಗೆ ಬಾಯಿಯಿಂದ ಉಸಿರಾಡುತ್ತಿದ್ದ. ಕೊನೆಯ ಬೆರಳನ್ನು ಬಿಡಿಸಿದ ಮೇಲೂ ಚಪ್ಪಲಿಗಳು ಹೋಗಲಿಲ್ಲ. ನೋಡಿದರೆ ಹಿಡಿದುಕೊಂಡಿದ್ದವಳು ನಾನು. ನೀಲಿ ಪಟ್ಟಿ ನನ್ನ ಮುಷ್ಟಿಯಲ್ಲಿತ್ತು. ಪಿನ್ನು ಬಿಚ್ಚಿ ಅಂಗೈಗೆ ಚುಚ್ಚಿತ್ತು.

ಅಂಚೆ ಮಾಸ್ತರರ ಹೆಂಡತಿಯ ಕೊಡೆ ನೆನಪಾಯಿತು. ಮುಂದಿನ ವರ್ಷ ಮತ್ತೆ ಬರಬಹುದು. ಅದರ ಮುಂದಿನ ವರ್ಷ. ಬಾಗಿಲ ಬಳಿ ಆ ಜಾಗ ಹಾಗೇ ಇದೆ.

ದಡದಲ್ಲಿ ಯಾರೂ ಏನೂ ಹೇಳಲಿಲ್ಲ. ಹೇಳಬಾರದು. ನೀರು ಮಾತ್ರ ಎಳೆಯುತ್ತಿತ್ತು.

ಬಿಟ್ಟೆ. ಚಪ್ಪಲಿಗಳು ಒಮ್ಮೆ ಮುಗ್ಗರಿಸಿ, ಸಾಲು ಸರಿಮಾಡಿಕೊಂಡು ಹೋದವು. ಹೋದ ವರ್ಷ ಅವನು ಹೋದ ದಾರಿಯಲ್ಲೇ. ಪಡುವಣದ ತಿರುವಿನವರೆಗೂ ನೋಡಿದೆ. ಗೊತ್ತಿದ್ದು ನೋಡುವವರು ಈ ಸಲ ಇಬ್ಬರು ಇದ್ದೆವು.

ಇನಾಸ್ ಕೈಕೊಟ್ಟು ನಮ್ಮನ್ನು ಮೇಲಕ್ಕೆ ಎಳೆದುಕೊಂಡ. “ಇವನಿಗೆ ಎಂತ ಆದದ್ದು ಅತ್ತಿಗೆ?” ಎಂದು ಕೇಳಿದ.

“ಜಾರಿ ಬಿದ್ರು” ಎಂದೆ. “ನಾನು ಹಿಡಿಲಿಕ್ಕೆ ಹೋದೆ.”

ಅವನು ನನ್ನ ಮುಖವನ್ನೂ ದಾಮಣ್ಣನ ಮುಖವನ್ನೂ ನೋಡಿದ. ಜಾರಿದವನ ಹಾಗೆ ದಾಮಣ್ಣ ಕಾಣುತ್ತಿರಲಿಲ್ಲ. 'ಸರಿ' ಎನ್ನುವಂತೆ ತಲೆಯಾಡಿಸಿ ಇನಾಸ್ ತನ್ನ ಹೆಗಲ ಮೇಲಿನ ಟವೆಲನ್ನು ಗೆಳೆಯನ ತಲೆಗೆ ಹಾಕಿ ಒರೆಸಿದ. “ಈಜ್ಲಿಕ್ಕೆ ಬಾರದವ ಬಂಡೆ ತುದಿಗೆ ಯಾಕೆ ಹೋಗುವುದು” ಎಂದು ಬೈಯುತ್ತ, ಬಹಳ ಹೊತ್ತು ಒರೆಸಿದ.

ಊಟಕ್ಕೆ ಕುಳಿತೆವು. ಒದ್ದೆ ಸೀರೆಯಿಂದ ನೀರು ಇಳಿದು ಚಾಪೆ ನೆನೆಯಿತು. ಶಕ್ಕು ನನ್ನ ಅಂಗೈಯ ರಕ್ತ ಒರೆಸಿ ತನ್ನ ಕರವಸ್ತ್ರ ಕಟ್ಟಿದಳು. ಗಾಯ ಉರಿಯುತ್ತಿತ್ತು. ಎಡಗೈಯಲ್ಲಿ ಪುಂಡಿ ಮುರಿದು ಚಟ್ನಿಗೆ ಅದ್ದಿ ಬಾಯಿಗೆ ಹಾಕಿಕೊಂಡೆ.

ಅಗಿಯುವುದನ್ನು ನಿಲ್ಲಿಸಿದೆ.

“ಎಂತ ಆಯ್ತು ಕುಮುದಾ?”

“ಶಕ್ಕು” ಎಂದೆ, “ಉಪ್ಪು ಹೆಚ್ಚಾಗಿದೆ.”

“ನಾನು ಬೆಳಿಗ್ಗೆಯಿಂದ ಎಂತ ಬೊಬ್ಬೆ ಹೊಡೀತಿದ್ದೇನೆ ಮತ್ತೆ” ಎಂದು ಇನಾಸ್ ಶುರುಮಾಡಿದವನು ನನ್ನ ಕಡೆ ನೋಡಿ ಸುಮ್ಮನಾದ. ಹೊಳೆದಿನದಲ್ಲಿ ಅಳಬಾರದು. ಮೂವರೂ ತಮ್ಮ ತಮ್ಮ ಎಲೆ ನೋಡಿಕೊಂಡು, ನನಗೆ ಕೇಳಿಸುವಂತೆ ಗಟ್ಟಿಯಾಗಿ ಅಗಿಯುತ್ತ, ಉಂಡರು. ನಾನು ಅಳುತ್ತಲೇ ಉಂಡೆ. ಪುಂಡಿ ಮುಗಿದ ಮೇಲೆ ಇನಾಸ್ ಎದ್ದು, ಕೇಳದೆಯೇ, ನನ್ನ ಗಾಳಕ್ಕೆ ಹೊಸ ಎರೆಹುಳು ಸಿಕ್ಕಿಸಿ ನೀರಿಗೆ ಹಾಕಿದ. ಹಸಿರು ದಾರದ ಮುಗುಡು ಬರಲು ಇನ್ನೂ ಮೂರು ಗಂಟೆ ಇತ್ತು.